ನಕಲಕ್ಕನ ನೀಲಿ ಸಹಿ

ಹೊಸ ಮೆಷಿನ್ನು ಬರುವ ದಿನ ನಕಲಕ್ಕ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಂಗಡಿಯ ಶಟರ್ ಎತ್ತಿದ್ದು ಏಳೂವರೆಗೆ, ಎದುರಿನ ನೋಂದಣಿ ಕಚೇರಿ ತೆರೆಯುವುದು ಹತ್ತಕ್ಕೆ. ಆ ಎರಡೂವರೆ ಗಂಟೆಯಲ್ಲಿ ಅವಳು ಮೇಜನ್ನು ಮೂರು ಸಲ ಒರೆಸಿದಳು, ಹಳೇ ಮೆಷಿನ್ನನ್ನು ಗೋಡೆಯ ಕಡೆಗೆ ಒಂದು ಗೇಣು ನೂಕಿ ಮತ್ತೆ ಅರ್ಧ ಗೇಣು ಎಳೆದಳು, ತಿರುವಿನಲ್ಲಿ ಯಾವ ಗಾಡಿ ಹಾರ್ನ್ ಮಾಡಿದರೂ ಹೊರಗೆ ಬಂದು ಇಣುಕಿದಳು.

"ಏನಕ್ಕ, ಮಂತ್ರಿಗಳೇನಾದ್ರೂ ಬರ್ತಿದ್ದಾರಾ?" ಎಂದು ಪಕ್ಕದ ಚಹಾದವನು ಕಿಚಾಯಿಸಿದ.

"ಮಂತ್ರಿಗಳು ಬಂದ್ರೆ ನಾನ್ಯಾಕೆ ಮೇಜು ಒರೆಸ್ಲಿ? ಸುಮ್ಮನೆ ನಿನ್ನ ಹಾಲು ಉಕ್ಕದ ಹಾಗೆ ನೋಡ್ಕೋ" ಎಂದಳು.

ನಕಲಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಆ ಕಚೇರಿಗೆ ಬರುವವರೆಲ್ಲ ಯಾವುದೋ ಕಾಗದ ಹಿಡಿದೇ ಬರುವವರು. ಮನೆ ಮಾರುವವರು, ಜಾಗ ಕೊಳ್ಳುವವರು, ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಸರ್ಟಿಫಿಕೇಟು ಕೇಳುವವರು. ಒಳಗಿನ ಗುಮಾಸ್ತರಿಗೆ ಬರುವುದು ಒಂದೇ ಮಾತು: "ಎರಡು ನಕಲು ತನ್ನಿ." ಹಾಗೆ ಬಂದವರಿಗೆ ಹನ್ನೊಂದು ವರ್ಷದಿಂದ ನಕಲು ತೆಗೆದುಕೊಡುತ್ತಿರುವವಳು ಇವಳು. ಗಂಡ ದೂರದೂರಿಗೆ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅಂಗಡಿಯ ಚಿಂತೆ ಪೂರ್ತಿ ಇವಳದ್ದೇ.

ಒಂದು ಹಾಳೆಗೆ ಎರಡು ರೂಪಾಯಿ. ಜನ ಕೊಡುತ್ತಿದ್ದದ್ದು ಐವತ್ತರ ನೋಟು, ನೂರರ ನೋಟು. ಚಿಲ್ಲರೆ ಎಲ್ಲಿಂದ ತರುವುದು? ಮೂಲೆಯ ಬ್ಯಾಂಕಿನಲ್ಲಿ "ಚಿಲ್ಲರೆ ಇಲ್ಲ" ಎಂಬ ಬೋರ್ಡು ತೂಗುಹಾಕಿ ಎಷ್ಟು ಕಾಲವಾಗಿತ್ತೆಂದರೆ, ಅದರ ಅಕ್ಷರ ಎರಡು ಸಲ ಅಳಿಸಿಹೋಗಿ ಎರಡು ಸಲ ಬರೆಸಿದ್ದರು. ಆ ಬ್ಯಾಂಕಿನ ಕ್ಯಾಷಿಯರು ಬೇರೆ ಯಾರೂ ಅಲ್ಲ, ನಕಲಕ್ಕನ ಸ್ವಂತ ವಾರಗಿತ್ತಿ, ಮೈದುನನ ಹೆಂಡತಿ. ಆದರೂ ಸಿಕ್ಕಿದ್ದು ಸೊನ್ನೆಯೇ.

ಎರಡು ವರ್ಷದ ಹಿಂದೆ ಒಬ್ಬನಿಗೆ ಮೂರು ವಾಪಸ್ಸು ಕೊಡಬೇಕಿತ್ತು, ನಾಣ್ಯವಿರಲಿಲ್ಲ. ಹಾಳಾದ ರಟ್ಟಿನ ಅಂಚೊಂದನ್ನು ಕತ್ತರಿಸಿ "ಮೂರು" ಎಂದು ಬರೆದು, ಕೆಳಗೆ ನೀಲಿ ಪೆನ್ನಿನಲ್ಲಿ ಸಹಿ ಹಾಕಿ, "ನಾಳೆ ಬನ್ನಿ, ಕೊಡ್ತೀನಿ" ಎಂದಳು. ಅವನಿಗೆ ನಾಳೆ ಬರುವ ವ್ಯವಧಾನವೆಲ್ಲಿ? ನೇರ ಪಕ್ಕಕ್ಕೆ ಹೋಗಿ ಚಹಾ ಕುಡಿದು ಚೀಟಿಯನ್ನು ಅಲ್ಲಿಟ್ಟ. ಚಹಾದವನು ಗೊಣಗುತ್ತ ತೆಗೆದುಕೊಂಡ. ಸಂಜೆ ಅವನು ಚಪ್ಪಲಿ ಹೊಲಿಯುವವನಿಗೆ ಕೊಟ್ಟ, ಅವನು ಗಾಡಿ ನಿಲ್ಲಿಸುವ ಜಾಗದ ಟಿಕೆಟಿನವಳಿಗೆ ಕೊಟ್ಟ, ಅವಳು ಮಾರನೇ ದಿನ ನಕಲು ತೆಗೆಸಲು ಬಂದು ಅದೇ ಚೀಟಿಯನ್ನು ನಕಲಕ್ಕನ ಮೇಜಿನ ಮೇಲಿಟ್ಟಳು. ನೋಡಿ, ದುಡ್ಡು ಹುಟ್ಟುವುದು ಇಷ್ಟು ಸುಲಭ. ವಾರದಲ್ಲಿ ಬೀದಿಗೆ ಬೀದಿಯೇ ಒಂದರ, ಎರಡರ, ಐದರ ಚೀಟಿಗಳಲ್ಲಿ ವ್ಯವಹಾರ ಮಾಡತೊಡಗಿತು.

ಮೊದಮೊದಲು ಕೆಲವರಿಗೆ ಅನುಮಾನ. ನಕಲು ತೆಗೆಯುವ ಮೆಷಿನ್ನು ಇಟ್ಟುಕೊಂಡವಳೇ ದುಡ್ಡು ಹೊರಡಿಸಿದರೆ ನಂಬುವುದು ಹೇಗೆ? ಅದಕ್ಕೆ ಅವಳಲ್ಲಿ ಉತ್ತರ ಸಿದ್ಧವಿತ್ತು: "ನನ್ನ ಮೆಷಿನ್ನಿಗೆ ಕಪ್ಪು ಬಿಟ್ರೆ ಬೇರೆ ಬಣ್ಣ ಗೊತ್ತಿಲ್ಲ. ಸಹಿ ನೀಲಿ ಇದ್ಯಾ, ನನ್ನ ಕೈಯದು. ಕಪ್ಪಿದ್ಯಾ, ಒಲೆಗೆ ಹಾಕಿ." ಇದು ಎಲ್ಲರಿಗೂ ಒಪ್ಪಿಗೆಯಾಯಿತು.

ವಾರಗಿತ್ತಿ ಮಾತ್ರ ಒಂದು ಭಾನುವಾರ ಪಾತ್ರೆ ತೊಳೆಯುತ್ತ ಹೇಳಿದ್ದಳು: "ನೀನು ಮಾಡ್ತಿರೋದಕ್ಕೆ ಬ್ಯಾಂಕು ಅಂತಾರೆ ಕಣೇ. ಚೀಟಿ ಹಿಡ್ಕೊಂಡೋರೆಲ್ಲ ಒಂದೇ ದಿನ ಬರಲ್ಲ ಅಂತ ನಂಬ್ಕೊಂಡಿದ್ದೀಯ. ನಾವೂ ಅಷ್ಟೇ, ಅದನ್ನೇ ನಂಬ್ಕೊಂಡು ಎಸಿ ಹಾಕ್ಕೊಂಡು ಕೂತಿದ್ದೀವಿ. ಆದ್ರೆ ಆ ದುಡ್ಡನ್ನ ಮುಟ್ಟಬೇಡ."

ನಕಲಕ್ಕ ಮುಟ್ಟಿದಳು. ಹೊರಗೆ ಎಷ್ಟರ ಚೀಟಿ ಓಡಾಡುತ್ತಿದೆ ಎಂಬ ಲೆಕ್ಕ ಒಂದು ನೋಟುಪುಸ್ತಕದಲ್ಲಿತ್ತು. ಕೊಟ್ಟದ್ದನ್ನು ಕೂಡುವುದು, ವಾಪಸ್ಸು ಬಂದದ್ದನ್ನು ಕಳೆಯುವುದು. ಉಳಿದದ್ದು ಎಂಟು ಸಾವಿರದ ಆರುನೂರ ನಲವತ್ತು. ಅಷ್ಟೂ ದುಡ್ಡು ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿತ್ತು, ತಿಂಗಳಾನುಗಟ್ಟಲೆ ಯಾರೂ ಕೇಳಿರಲಿಲ್ಲ. ಅತ್ತ ಜನ ಫೋಟೋ ಇರುವ ಕಾಗದಕ್ಕೆ ಬಣ್ಣದ ನಕಲು ಬೇಕೆಂದು ಮೂರು ಬೀದಿ ದಾಟಿ ಹೋಗುತ್ತಿದ್ದರು, ಹಾಳೆಗೆ ಹತ್ತು ಕೊಟ್ಟು ಬರುತ್ತಿದ್ದರು. ಅವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಏಳೂವರೆ ಸಾವಿರವನ್ನು ಮುಂಗಡವೆಂದು ಮೆಷಿನ್ನಿನ ಏಜೆಂಟನ ಕೈಗೆ ಹಾಕಿದಳು, ಬಾಕಿ ತಿಂಗಳ ಕಂತು.

ಮೆಷಿನ್ನು ಹತ್ತು ಗಂಟೆಗೆ ಬಂತು. ಇಬ್ಬರು ಇಳಿಸಿದರು, ನಾಲ್ವರು ಸಲಹೆ ಕೊಟ್ಟರು. ಚಹಾದವನು, ಚಪ್ಪಲಿಯವನು, ಟಿಕೆಟಿನವಳು ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದರು. ಕಚೇರಿ ಗೇಟಿನ ಬಳಿ ಪುಟ್ಟ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಅರ್ಜಿರಾಯನೂ ಕನ್ನಡಕ ಹಣೆಗೇರಿಸಿಕೊಂಡು ಬಂದು ನಿಂತ. ಅವನ ಅಕ್ಷರ ಅಚ್ಚು ಹಾಕಿದಂತೆ. ಒಳಗಿನ ಅಧಿಕಾರಿಗಳೂ ಸಹ ರಾಯನ ಕೈಬರಹ ಎಂದರೆ ಓದದೆ ಒಪ್ಪುತ್ತಿದ್ದರಂತೆ.

ಏಜೆಂಟು ಮೆಷಿನ್ನಿನ ಗುಂಡಿ ಒತ್ತಿ, "ಬಣ್ಣ ತೋರಿಸೋಣ, ಏನಾದ್ರೂ ಕೊಡಿ" ಎಂದು ಅತ್ತಿತ್ತ ನೋಡಿದ. ಮೇಜಿನ ಮೇಲೆ ಕೈಗೆ ಸಿಕ್ಕಿದ್ದು ಐದರ ಒಂದು ಚೀಟಿ. ಅದನ್ನೇ ಗಾಜಿನ ಮೇಲೆ ಬೋರಲು ಹಾಕಿದ. ಮೆಷಿನ್ನು ಒಮ್ಮೆ ಗುನುಗಿತು, ಬೆಳಕು ಹರಿಯಿತು, ಬಿಳಿ ಹಾಳೆ ಹೊರಗೆ ಜಾರಿತು. ಹಾಳೆಯ ನಡುವೆ ರಟ್ಟಿನ ಚೀಟಿ, ಅದರ ಮೇಲೆ ನಕಲಕ್ಕನ ನೀಲಿ ಸಹಿ. ಏಜೆಂಟು ಅದನ್ನು ಎತ್ತಿ ಹಿಡಿದು, "ನೋಡಿ! ಯಾವುದು ಅಸಲು ಯಾವುದು ನಕಲು ಹೇಳಿ ನೋಡೋಣ!" ಎಂದ.

ಬಾಗಿಲಲ್ಲಿ ನಿಂತವರು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಮೊದಲು ಬಾಯಿ ಬಿಟ್ಟವನು ಅರ್ಜಿರಾಯ.

"ಇನ್ಮೇಲೆ ಅಕ್ಕನಿಗೆ ಸಹಿ ಹಾಕೋ ಕಷ್ಟನೂ ತಪ್ಪಿತು. ನಕಲಕ್ಕ ಹೋಗಿ ನಕಲಿಯಕ್ಕ."

ಎಲ್ಲರೂ ಗೊಳ್ಳೆಂದು ನಕ್ಕರು. ನಕಲಕ್ಕನೂ ನಕ್ಕಳು. ನಗುತ್ತಲೇ, ಅಯ್ಯೋ ನನ್ನ ಬುದ್ಧಿಗಿಷ್ಟು, ಇದು ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡಳು. ಆರು ತಿಂಗಳು ಈ ಮೆಷಿನ್ನಿನ ಕನಸು ಕಂಡವಳಿಗೆ, ಇದು ಒಳಗೆ ಬಂದ ದಿನವೇ ತನ್ನ ಸಹಿಗೆ ಬೆಲೆ ಹೋಗುತ್ತದೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ.

ಹತ್ತೂವರೆಗೆ ಚಹಾದವನು ತಲೆ ಕೆರೆಯುತ್ತ ಬಂದ. "ಏನಿಲ್ಲ ಅಕ್ಕ, ಹಾಲಿನವನು ಚೀಟಿ ಬೇಡ ಅಂತಾನೆ. ಒಂದು ನಾನೂರರಷ್ಟು ಇದೆ." ಕೊಟ್ಟಳು. ಅವನ ಹಿಂದೆ ಚಪ್ಪಲಿಯವನು, ಅವನ ಹಿಂದೆ ಫೋಟೋ ಅಂಗಡಿಯವನು. ಎಲ್ಲರಿಗೂ ಇವತ್ತೇ ಏನೋ ತುರ್ತು, ಎಲ್ಲರೂ "ಏನಿಲ್ಲ ಅಕ್ಕ" ಎಂದೇ ಶುರು. ಹನ್ನೊಂದಕ್ಕೆ ಸಾಲು ಬಾಗಿಲು ದಾಟಿತು, ಹನ್ನೊಂದೂವರೆಗೆ ತಿರುವು ಮುಟ್ಟಿತು. ಸಾಲು ಕಂಡವರು ಯಾಕೆಂದು ಕೇಳಿ, ಜೇಬು ತಡಕಿ, ತಾವೂ ನಿಂತರು. ಏಜೆಂಟು ಯಾವಾಗಲೋ ಮಾಯವಾಗಿದ್ದ.

ಡ್ರಾಯರಿನಲ್ಲಿದ್ದದ್ದು ಉಳಿಕೆ ಹಣ, ಹಿಂದಿನ ದಿನಗಳ ವ್ಯಾಪಾರ ಎಲ್ಲ ಸೇರಿ ಸಾವಿರದ ಏಳುನೂರ ನಲವತ್ತು. ಅದರಲ್ಲೂ ಪೀಕಲಾಟ ನೋಡಿ. ಒಬ್ಬ ಮೂವತ್ತೇಳರ ಚೀಟಿ ತಂದರೆ ಮೂವತ್ತೇಳನ್ನು ಎಲ್ಲಿಂದ ಕೊಡುವುದು? ಚಿಲ್ಲರೆ ಇಲ್ಲದ್ದಕ್ಕೇ ಚೀಟಿ ಹುಟ್ಟಿದ್ದು, ಈಗ ಚೀಟಿ ತೀರಿಸಲೂ ಚಿಲ್ಲರೆಯೇ ಬೇಕು. "ಮೂರು ಜನ ಸೇರ್ಕೊಂಡು ನೂರು ಮಾಡ್ಕೊಂಡು ಬನ್ನಿ" ಎಂದರೆ ಸಾಲಿನಲ್ಲೇ ಜಗಳ ಹತ್ತಿತು. ಕೊನೆಗೆ ಮೂವತ್ತೇಳಕ್ಕೆ ನಲವತ್ತು ಕೊಟ್ಟು ಕೈ ತೊಳೆದುಕೊಂಡಳು.

ಸಾಲಿನವರಿಗೆ, "ಒಂದು ಐದು ನಿಮಿಷ, ಬ್ಯಾಂಕಿಗೆ ಹೋಗಿ ಬಂದೆ" ಎಂದು ಓಡಿದಳು. ಕಾಲಿನ ಚಪ್ಪಲಿ ಒಂದು ಕಡೆ, ಅವಳೊಂದು ಕಡೆ. ವಾರಗಿತ್ತಿಯ ಕಿಟಕಿಯ ಮುಂದೆ ಹೋಗಿ ನಿಂತಳು. ವಾರಗಿತ್ತಿ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ಮುಟ್ಟಿದ್ಯಾ?"

"ಮುಟ್ಟಿದೆ."

"ಎಷ್ಟು ಬೇಕು?"

"ಏಳು ಸಾವಿರ. ಬ್ಯಾಂಕು ಕೊಡುತ್ತಾ?"

"ನಮ್ಮ ಮೇಲೆ ಜನ ಬಿದ್ರೆ ನಮಗೆ ದೊಡ್ಡ ಬ್ಯಾಂಕು ಕೊಡುತ್ತೆ. ನಿನಗೆ ದೊಡ್ಡ ಬ್ಯಾಂಕು ಯಾರೇ?" ಎಂದ ವಾರಗಿತ್ತಿ ಒಂದು ಕ್ಷಣ ಕಣ್ಣುಮುಚ್ಚಿ, ತನ್ನದೇ ಖಾತೆಯ ಚೆಕ್ಕು ಬರೆದು ನೋಟು ಎಣಿಸಿ ಕೊಟ್ಟಳು. "ಹಲ್ಲು ಕಟ್ಟಿಸೋಕೆ ಇಟ್ಟಿದ್ದು. ಇನ್ನೊಂದು ವರ್ಷ ಎಡಗಡೆಯಲ್ಲೇ ಅಗಿತೀನಿ, ಹೋಗು. ಕೇಳಿಲ್ಲಿ, ಶಟರ್ ಮಾತ್ರ ಇಳಿಸಬೇಡ. ನೋಟು ಎಲ್ಲರಿಗೂ ಕಾಣೋ ಹಾಗಿಡು. ಅಳೋದಿದ್ರೆ ಈಗಲೇ ಅತ್ತು ಹೋಗು."

ಅಳಲು ಪುರಸೊತ್ತು ಎಲ್ಲಿತ್ತು! ನಕಲಕ್ಕ ನೋಟಿನ ಕಟ್ಟುಗಳನ್ನು ಎದೆಗವಚಿಕೊಂಡು ವಾಪಸ್ಸು ಓಡಿದಳು. ಏಳು ಸಾವಿರವನ್ನು ಹೊಸ ಮೆಷಿನ್ನಿನ ಮೇಲೆಯೇ ಜೋಡಿಸಿಟ್ಟಳು. ಅದನ್ನು ಕಂಡು ಸಾಲಿನ ಹಿಂದಿನ ನಾಲ್ಕೈದು ಜನ "ಇದೆಯಂತೆ, ಇದೆಯಂತೆ" ಎನ್ನುತ್ತ ಜಾರಿಕೊಂಡರು. ಅವಳಿಗೆ ಹೋದ ಜೀವ ಬಂದಂತಾಯಿತು. ಕೈ ಚೀಟಿ ತೆಗೆದುಕೊಳ್ಳುತ್ತಿತ್ತು, ಬಾಯಿ ಲೆಕ್ಕ ಹೇಳುತ್ತಿತ್ತು, ತಲೆ ಮಾತ್ರ ಬೇರೆ ಲೆಕ್ಕ ಹಾಕುತ್ತಿತ್ತು: ಎಂಟು ಸಾವಿರದ ಆರುನೂರ ನಲವತ್ತು ಕೊಟ್ಟರೆ ಮುಗಿಯಿತು. ವಾರಗಿತ್ತಿಯ ಸಾಲ ಬಣ್ಣದ ನಕಲಿನಲ್ಲಿ ಆರು ತಿಂಗಳಲ್ಲಿ ತೀರುತ್ತದೆ. ಮೆಷಿನ್ನು ಉಳಿಯುತ್ತದೆ, ಮಾತೂ ಉಳಿಯುತ್ತದೆ.

ಮೂರು ಗಂಟೆಗೆ ನೋಟುಪುಸ್ತಕದ ಬಾಕಿ ಸೊನ್ನೆಗೆ ಬಂತು. ನಕಲಕ್ಕ ತಲೆ ಎತ್ತಿ ನೋಡಿದಳು. ಸಾಲಿನಲ್ಲಿ ಇನ್ನೂ ಇಪ್ಪತ್ತು ಇಪ್ಪತ್ತೈದು ಜನ.

ಮೊದಲು ಕೂಡಿದ್ದು ತಪ್ಪಿರಬೇಕು ಎಂದುಕೊಂಡಳು. ಮತ್ತೆ ಕೂಡಿದಳು. ಸರಿಯಾಗಿಯೇ ಇತ್ತು. ಮುಂದೆ ನಿಂತಿದ್ದ ಟಿಕೆಟಿನವಳು, "ಏನಕ್ಕ, ಮುಗೀತಾ ದುಡ್ಡು?" ಎಂದು ಕೇಳಿದ್ದೇ ತಡ, ಸಾಲಿಗೆ ಸಾಲೇ ಒಂದು ಹೆಜ್ಜೆ ಮುಂದೆ ನುಗ್ಗಿತು. "ಮುಗಿಯೋದೇನು, ಬೆರಳು ನೋಯ್ತಿದೆ ಅಷ್ಟೇ" ಎಂದು ಇವಳು ನಕ್ಕು, ಅವಳ ಕೈಯ ಚೀಟಿಗಳನ್ನು ತೆಗೆದುಕೊಂಡು ಮೇಜಿನ ಮೇಲೆ ಹರಡಿದಳು.

ಆಗ ಕಣ್ಣಿಗೆ ಬಿತ್ತು. ಅವಳು ಸಹಿ ಹಾಕುವುದು ಅವಸರದಲ್ಲಿ, ಒಂದು ಕೈ ಮೆಷಿನ್ನಿನ ಮೇಲೆ ಇಟ್ಟುಕೊಂಡು. ಒಂದರ ಬಾಲ ಮೇಲೆ ಹೋದರೆ ಇನ್ನೊಂದರದ್ದು ಕೆಳಗೆ. ಇಲ್ಲಿ ಹರಡಿದ್ದರಲ್ಲಿ ಮೂರು ಚೀಟಿಯ ಸಹಿ ಒಂದೇ ತೆರನಾಗಿತ್ತು. ಸುತ್ತು ಗುಂಡಗೆ, ಗೆರೆ ನೇರ, ಕೊನೆಯಲ್ಲಿ ಚುಕ್ಕಿ ಇಟ್ಟ ಜಾಗವೂ ಅದೇ. ಈ ಎರಡು ವರ್ಷದಲ್ಲಿ ಅವಳ ಸಹಿ ಒಂದು ದಿನವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಮೆಷಿನ್ನು ಬಂದದ್ದು ಇವತ್ತು, ಇವು ಕೊಳೆಯಾಗಿ ಅಂಚು ಸವೆದ ಚೀಟಿಗಳು. ಪೆನ್ನಿನಲ್ಲೇ ಬರೆದದ್ದು. ಇಷ್ಟು ಚೆಂದದ ಕೈ ಈ ಬೀದಿಯಲ್ಲಿ ಯಾರಿಗಿದೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಗೇಟಿನ ಕಡೆ ನೋಡಿದಳು. ಅರ್ಜಿರಾಯ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ. ಬೆಳಿಗ್ಗೆಯಿಂದ ಅವನು ಸಾಲಿಗೆ ಬಂದಿರಲೇ ಇಲ್ಲ.

ಅವಳಿಗೆ ಬಂದ ಸಿಟ್ಟಿಗೆ ಕಣ್ಣು ಮಂಜಾಯಿತು. ಎದ್ದು ನಿಂತು ಕಿರುಚಿಬಿಡಲೇ, "ಇದು ನನ್ನದಲ್ಲ, ಆ ಚಂಡಾಲನದ್ದು" ಎಂದು? ನಾಲಿಗೆಯ ತುದಿಗೆ ಬಂತು. ಆದರೆ ಒಂದು ಚೀಟಿ ನಕಲಿ ಎಂದು ಬಾಯಿಬಿಟ್ಟರೆ ಉಳಿದವರು, ನಮ್ಮ ಚೀಟಿಗೂ ಹೀಗೇ ಅನ್ನುತ್ತಾಳೆ, ದುಡ್ಡು ಖಾಲಿಯಾಗಿದ್ದಕ್ಕೆ ನೆಪ ಹುಡುಕುತ್ತಿದ್ದಾಳೆ ಎಂದು ಅಂಗಡಿಯನ್ನೇ ಕಿತ್ತುಹಾಕುತ್ತಿದ್ದರು. ತನ್ನ ಮಾತನ್ನು ಉಳಿಸಿಕೊಳ್ಳಬೇಕಾದರೆ ಅವನ ಮಾತನ್ನೂ ತಾನೇ ತೀರಿಸಬೇಕು.

ಹಲ್ಲು ಕಚ್ಚಿ, ಚೀಟಿಗಳನ್ನು ಒಟ್ಟು ಮಾಡಿ, "ಎಂಬತ್ತೆರಡು. ತಗೋ, ಎಂಬತ್ತೈದು" ಎಂದು ಟಿಕೆಟಿನವಳಿಗೆ ನೋಟು ನೀಡಿದಳು. ವಾರಗಿತ್ತಿಯ ದುಡ್ಡಿನಲ್ಲಿ ಅದೇ ಕೊನೆಯದು. ಆಮೇಲೆ ಫೋನೆತ್ತಿ ಏಜೆಂಟನಿಗೆ ಹೇಳಿದಳು: "ಮೆಷಿನ್ನು ವಾಪಸ್ಸು ತಗೊಂಡು ಹೋಗಿ."

"ಏನ್ ಮೇಡಂ, ಬೆಳಿಗ್ಗೆ ತಾನೇ..."

"ಈಗಲೇ ಬನ್ನಿ, ನಗದು ಹಿಡ್ಕೊಂಡು ಬನ್ನಿ."

"ಮುಂಗಡದಲ್ಲಿ ಎರಡೂವರೆ ಸಾವಿರ ಕಡಿತ ಆಗುತ್ತೆ."

"ಆಗ್ಲಿ."

ಏಜೆಂಟು ಐದು ಸಾವಿರ ಎಣಿಸಿಕೊಟ್ಟು, ಬೆಳಿಗ್ಗೆ ಇಳಿಸಿದ ಇಬ್ಬರಿಂದಲೇ ಮೆಷಿನ್ನು ಹೊರಿಸಿದ. ಸಾಲಿನವರು ಹಾದಿ ಬಿಟ್ಟುಕೊಟ್ಟರು. ಅದು ತಿರುವು ದಾಟುವವರೆಗೂ ನಕಲಕ್ಕ ಆ ಕಡೆ ನೋಡದೆ ಚೀಟಿಗಳನ್ನೇ ನೋಡುತ್ತ ಕೂತಳು. ಐದೂವರೆಗೆ ಕೊನೆಯವನು ಹೋದ. ಪುಸ್ತಕದ ಲೆಕ್ಕಕ್ಕಿಂತ ಹೆಚ್ಚಾಗಿ ಕೊಟ್ಟದ್ದು ಎರಡು ಸಾವಿರದ ಮುನ್ನೂರ ಹತ್ತು. ಮೇಲೆ ಮೇಲೆ ಸೇರಿಸಿ ಕೊಟ್ಟ ಚಿಲ್ಲರೆ ತೊಂಬತ್ತು. ಉಳಿದ ಎರಡು ಸಾವಿರದ ಏಳುನೂರನ್ನು ಹಾಗೇ ಒಯ್ದು ವಾರಗಿತ್ತಿಯ ಕೈಗಿಟ್ಟಳು. ಡ್ರಾಯರು ಗುಡಿಸಿದಂತಾಯಿತು. ತೀರಿಸಬೇಕಾದ್ದು ಇನ್ನೂ ನಾಲ್ಕು ಸಾವಿರದ ಮುನ್ನೂರಿತ್ತು, ಮೆಷಿನ್ನೂ ಇರಲಿಲ್ಲ.

ಬ್ಯಾಂಕಿನಿಂದ ಬರುವಾಗ ಅರ್ಜಿರಾಯ ಮೇಜು ಮಡಚುತ್ತಿದ್ದ. ಅವಳು ಅದನ್ನು ಕಾಲಿನಿಂದ ತಡೆದು, ಮುಷ್ಟಿಯಲ್ಲಿದ್ದ ಎರಡು ಚೀಟಿಗಳನ್ನು ಅದರ ಮೇಲಿಟ್ಟಳು.

"ಇದರಲ್ಲಿ ನನ್ನದ್ಯಾವುದು?"

ಅರ್ಜಿರಾಯ ಒಮ್ಮೆ ನೋಡಿದ, ಅಷ್ಟೇ. ಸೊಟ್ಟ ಸಹಿಯದನ್ನು ಒಂದು ಬೆರಳಿನಿಂದ ಅವಳ ಕಡೆಗೆ ಸರಿಸಿದ. ಇನ್ನೊಂದು ಅಲ್ಲೇ ಉಳಿಯಿತು.

"ಥಟ್ಟನೆ ಗೊತ್ತಾಯ್ತಲ್ಲ ನಿನಗೆ!" ಹನ್ನೊಂದು ವರ್ಷ ಅವನನ್ನು ನೀವು ಎಂದವಳ ಬಾಯಲ್ಲಿ ನೀನು ಬಂದದ್ದು ಅವಳಿಗೇ ತಿಳಿಯಲಿಲ್ಲ. "ಎಷ್ಟು ಮಾಡಿದ್ದೀಯ?"

"ದಿನಕ್ಕೆ ಎರಡೋ ಮೂರೋ. ನನ್ನ ಹತ್ರನೂ ಚಿಲ್ಲರೆ ಇರ್ಲಿಲ್ಲ ಅಕ್ಕ. ಮೊದಲು ನನ್ನ ಹೆಸರಲ್ಲೇ ಬರ್ಕೊಟ್ಟೆ, ಆಣೆಗೂ. ಚಹಾದವನು ಮುಖದ ಮೇಲೆ ಎಸೆದ. ಮಾರನೇ ದಿನ ನಿಮ್ಮ ಸಹಿ ಹಾಕಿ ಕೊಟ್ಟೆ, ಮಾತಾಡದೆ ಗಲ್ಲಾಕ್ಕೆ ಹಾಕ್ಕೊಂಡ. ನನ್ನ ಹೆಸರಿಗೆ ಯಾರಿದ್ದಾರೆ?"

"ಮತ್ತೆ ಬೆಳಿಗ್ಗೆ ಯಾಕೆ ಬಾಯಿ ಹಾಕಿದೆ? ನಿನ್ನ ಆ ಹಾಳು ತಮಾಷೆ ಇಲ್ದಿದ್ರೆ ನನ್ನ ಮೆಷಿನ್ನು ಒಳಗಿರ್ತಿತ್ತು."

"ಹೆದರಿಕೆ ಆಯ್ತು. ಹೆದರಿದ್ರೆ ನನಗೆ ತಮಾಷೆ ಬರುತ್ತೆ, ಏನು ಮಾಡ್ಲಿ" ಎಂದು ಅರ್ಜಿರಾಯ ಕನ್ನಡಕ ತೆಗೆದ. ಕಣ್ಣು ಕೆಂಪಗಾಗಿತ್ತು. "ಅಕ್ಕ, ಕಾಲು ಹಿಡ್ಕೋತೀನಿ, ಇದು ಹೊರಗೆ ಹೋದ್ರೆ ನನ್ನ ಕೈಗೆ ಯಾರೂ ಒಂದು ಕಾಗದ ಕೊಡಲ್ಲ. ಸುಳ್ಳು ಸಹಿ ಹಾಕೋನು ಅಂದ್ರೆ ಈ ಗೇಟಿನ ಹತ್ರ ಕೂರೋಕೂ ಬಿಡಲ್ಲ. ನನಗೆ ಬೇರೆ ಕೆಲಸ ಗೊತ್ತಿಲ್ಲ."

ಅವಳು ಎರಡೂ ಚೀಟಿ ಎತ್ತಿಕೊಂಡು ಮನೆಗೆ ಹೋದಳು.

ಮಾರನೇ ದಿನ ಬೀದಿಯ ಪಾಡು ನೋಡುವಂತಿತ್ತು. ಎಲ್ಲರ ಜೇಬಿನಲ್ಲೂ ನಕಲಕ್ಕ ಕೊಟ್ಟ ನೋಟು, ಯಾರ ಬಳಿಯೂ ಒಂದು ನಾಣ್ಯವಿಲ್ಲ. ಚಹಾ ಕುಡಿದವನು ನೂರು ಹಿಡಿದು ನಿಂತ, ಚಹಾದವನು ಎರಡೂ ಕೈ ಎತ್ತಿದ. ಚಪ್ಪಲಿಯವನು ಹೊಲಿದು ಮುಗಿಸಿ ಒಂದು ಜೊತೆ ಚಪ್ಪಲಿಯನ್ನೇ ಒತ್ತೆ ಇಟ್ಟುಕೊಂಡ. ಟಿಕೆಟಿನವಳ ಹತ್ತಿರ ಎರಡು ಸಲ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿತ್ತು. ಹನ್ನೊಂದಕ್ಕೆ ಎಲ್ಲರೂ ನಿನ್ನೆಯ ಹಾಗೆಯೇ ಅವಳ ಬಾಗಿಲಿಗೆ ಬಂದರು, ಇವತ್ತು ಸಾಲು ಕಟ್ಟದೆ.

"ಅಕ್ಕ, ಹಳೇದು ಮರೆತುಬಿಡಿ" ಎಂದ ಚಹಾದವನು. "ಪೈಸೆ ಬಿಡದೆ ಕೊಟ್ರಿ. ಆ ಮೆಷಿನ್ನೂ ಹೋಯ್ತು. ನಿಮ್ಮ ಚೀಟಿ ಶುರು ಮಾಡಿ. ಯಾವ ಇಂಕಾದ್ರೂ ಸರಿ."

ನಕಲಕ್ಕನ ಮೈಯೆಲ್ಲ ಉರಿದುಹೋಯಿತು. ನಿನ್ನೆ ಒಬ್ಬನಿಗಾದರೂ ಹೀಗೆ ಹೇಳುವ ಬಾಯಿ ಇರಲಿಲ್ಲವಲ್ಲ!

"ನನ್ನದ್ಯಾಕೆ? ರಾಯರ ಸಹಿ ಹಾಕಿಸ್ಕೊಳ್ಳಿ. ಅಕ್ಷರ ಚೆನ್ನಾಗಿದೆ" ಎಂದಳು.

ಚಹಾದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನ ಸಹಿಗಾ? ಒಂದು ಲೋಟ ಬಿಸಿನೀರೂ ಕೊಡಲ್ಲ ನಾನು."

"ಎರಡು ವರ್ಷದಿಂದ ಕೊಡ್ತಾನೇ ಇದ್ದೀಯಲ್ಲೋ."

ಬಾಯಿಯಿಂದ ಜಾರಿಯೇ ಹೋಯಿತು. ಚಹಾದವನ ನಗು ಅರ್ಧಕ್ಕೆ ನಿಂತಿತು. ಅವನು ಅವಳ ಮುಖ ನೋಡಿದ, ಗೇಟಿನ ಕಡೆ ನೋಡಿದ. ಟಿಕೆಟಿನವಳೂ ತಿರುಗಿದಳು. ಅಲ್ಲಿ ಅರ್ಜಿರಾಯ ಪೆನ್ನು ಹಿಡಿದ ಕೈ ಎತ್ತಿದಂತೆಯೇ ಕೂತಿದ್ದ, ಎದುರಿಗೆ ಯಾರದೋ ಅರ್ಧ ಬರೆದ ಅರ್ಜಿ. ಅವನಿಗೆ ಎಲ್ಲ ಕೇಳಿಸಿತ್ತು. ಇನ್ನೊಂದೇ ಒಂದು ಮಾತು ಅವಳು ಆಡಿದ್ದರೆ, ಆಡದೆ ಸುಮ್ಮನಿದ್ದಿದ್ದರೂ ಸಾಕಿತ್ತು, ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎಂಥ ಸಿಹಿಯಾಗಿರುತ್ತದೆ ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದ ಗಳಿಗೆ ಬಂದಾಗ ಅವಳಿಗೆ ಅದು ಬೇಡವಾಯಿತು.

ನಕಲಕ್ಕ ನಕ್ಕಳು. ಜೋರಾಗಿ, ಮೇಜು ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮುಖ ನೋಡು ಇವನದ್ದು! ಬಿಸಿನೀರು ಕೊಟ್ಟು ಚಹಾ ಅಂತ ಎರಡು ವರ್ಷದಿಂದ ದುಡ್ಡು ತಗೊಂಡೋನು ನೀನು, ಅದನ್ನಲ್ವೇನೋ ಹೇಳಿದ್ದು!"

"ಅಯ್ಯೋ ಅಕ್ಕ, ನನ್ನ ಚಹಾಕ್ಕೇ ಬಂದ್ರಾ!" ಎಂದು ಅವನೂ ನಕ್ಕ. ಟಿಕೆಟಿನವಳು ನಕ್ಕಳು, ಗುಂಪೆಲ್ಲ ನಕ್ಕಿತು.

ಅವಳು ಕಣ್ಣೊರೆಸಿಕೊಂಡು, "ಒಂದು ನಿಮಿಷ ಇರಿ" ಎಂದು ರಸ್ತೆ ದಾಟಿ ಹೋಗಿ ಅರ್ಜಿರಾಯನ ಎದುರಿನ ಸ್ಟೂಲಿನಲ್ಲಿ ಕೂತಳು. ತಗ್ಗಿದ ದನಿಯಲ್ಲಿ, "ಒಂದು ಕಾಗದ ತಗೋ. ಬರಿ" ಎಂದಳು.

"ಯಾ... ಯಾರ ಹೆಸರಲ್ಲಿ?"

"ನನ್ನ ಹೆಸರಿಗೆ. ಎರಡು ಸಾವಿರದ ಮುನ್ನೂರ ಹತ್ತು, ಮೆಷಿನ್ನಿನ ಕಡಿತ ಎರಡೂವರೆ ಸಾವಿರ. ಒಟ್ಟು ನಾಲ್ಕು ಸಾವಿರದ ಎಂಟುನೂರ ಹತ್ತು. ವಾರಕ್ಕೆ ಐವತ್ತರಂತೆ ತೀರಿಸ್ತೀನಿ ಅಂತ ಬರಿ."

ಅವನು ಬರೆದ. ಅಚ್ಚಿನಂಥ ಅಕ್ಷರ, ಒಂದು ತಿದ್ದುಪಡಿ ಇಲ್ಲ. ಬರೆದು ಮುಗಿಸಿ ಅವಳ ಮುಖ ನೋಡಿದ.

"ಸಹಿ ಹಾಕು."

ಅರ್ಜಿರಾಯ ಪೆನ್ನು ಊರಿ ಎಳೆದ. ಗುಂಡಗಿನ ಒಂದು ಸುತ್ತು ಮೂಡಿತು, ಪಕ್ಕದಲ್ಲಿ ನೇರ ಗೆರೆ ಇಳಿಯತೊಡಗಿತು. ನಕಲಕ್ಕ ಅವನ ಮಣಿಕಟ್ಟು ಹಿಡಿದಳು. ರೂಢಿಯ ಮೇಲೆ ಕೈ ಅವಳ ಸಹಿಯನ್ನೇ ಹಾಕಲು ಹೊರಟಿತ್ತು. ಅವನು ಬೆಚ್ಚಿಬಿದ್ದು ಪೆನ್ನು ಎತ್ತಿದ, ಮುಖ ಹುಳ್ಳಗಾಯಿತು.

"ನಿಮ್ಮದು ಹಾಕಿ ರಾಯರೇ" ಎಂದಳು ಅವಳು.

ಅವನು ಆ ಸುತ್ತನ್ನು ಹೊಡೆದುಹಾಕಿ, ಕೆಳಗೆ ತನ್ನ ಹೆಸರನ್ನು ಬರೆದ. ಊರಿನವರ ಕಾಗದಗಳನ್ನೆಲ್ಲ ಮುತ್ತಿನಂತೆ ಬರೆಯುವವನ ಸಹಿ ಈಗ ತಾನೇ ಅಕ್ಷರ ಕಲಿತವನದ್ದರ ಹಾಗಿತ್ತು, ಕೊನೆಯ ಅಕ್ಷರ ಸಾಲು ಬಿಟ್ಟು ಕೆಳಗಿಳಿದಿತ್ತು. ಅವಳು ಅದನ್ನು ಊದಿ ಒಣಗಿಸಿ, ಮಡಚಿ, ವಾಪಸ್ಸು ಬಂದು ಡ್ರಾಯರಿಗೆ ಹಾಕಿದಳು. ಡ್ರಾಯರಿನಲ್ಲಿ ಅದೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

"ಏನಕ್ಕ ಅದು?" ಎಂದು ಚಹಾದವನು ಕತ್ತು ಚಾಚಿದ.

"ಬಂಡವಾಳ" ಎಂದು ನಕಲಕ್ಕ ಡ್ರಾಯರು ಮುಚ್ಚಿದಳು. ರಟ್ಟಿನ ಹಾಳೆ ಎಳೆದು ಕತ್ತರಿ ಹಚ್ಚಿದಳು.

"ಹೂಂ, ಹೇಳು. ಎಷ್ಟರದ್ದು ಬೇಕು?"